ದೇವಾಲಯದ ಅಂಗಳದಲ್ಲಿ ನಮ್ಮೂರಿನ ಗಿಡಮರಗಳು



ಪ್ರತಿವರ್ಷ ಆಗಸ್ಟ್ 30ರಿಂದ ಒಂಬತ್ತು ದಿನ ನಮ್ಮ ದೇವಾಲಯಗಳಲ್ಲಿ ಮಕ್ಕಳದೇ ಸಂಭ್ರಮ. ಕನ್ಯಾಮಾತೆ ಮರಿಯಳ ಜನ್ಮದಿನಕ್ಕೆ ಸಿದ್ಧತೆಯಾಗಿ ನಡೆಯುವ ನವೇನದ ಈ ದಿನಗಳಲ್ಲಿ ಪುಟ್ಟ ಮಕ್ಕಳು ಹೂವಿನ ಬುಟ್ಟಿ ಹಿಡಿದು ಸಾಲಾಗಿ ಬಂದು ಬಾಲ ಮರಿಯಮ್ಮನವರ ಪಾದಕ್ಕೆ ಹೂವು ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಂಡೊಯ್ಯುತ್ತೇವೆ. ಕೆಸು, ಹೀರೆ, ಬೆಂಡೆ, ಹಾಗಲ ಎಂದು ಮೂರೋ ಐದೋ ಏಳೋ ಬಗೆಯ ತರಕಾರಿ ಅಡುಗೆ ಮಾಡಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತೇವೆ. ನೆಲಕ್ಕೂ ವಿಶ್ವಾಸಕ್ಕೂ ಇಷ್ಟು ಹತ್ತಿರದ ಹಬ್ಬ ನಮಗೆ ಇನ್ನೊಂದಿಲ್ಲ.

ಎರಡು ವರ್ಷಗಳ ಹಿಂದೆ ನವೇನದ ಒಂದು ಸಂಜೆ ನಾವು ಧರ್ಮೋಪದೇಶದ ಮಕ್ಕಳ ಬುಟ್ಟಿಗಳನ್ನು ಸುಮ್ಮನೆ ಗಮನಿಸುತ್ತಿದ್ದೆವು. ಹೆಚ್ಚಿನ ಬುಟ್ಟಿಗಳಲ್ಲಿ ಪೇಟೆಯಿಂದ ಕೊಂಡು ತಂದ ಸೇವಂತಿಗೆ, ಗುಲಾಬಿ. ಒಂದು ಬುಟ್ಟಿಯಲ್ಲಿ ಮಾತ್ರ ಕೆಂಪು ಹಳದಿ ಬಣ್ಣದ, ಬೆಂಕಿಯ ನಾಲಗೆಯಂತೆ ಎಸಳುಗಳಿರುವ ಹೂವಿತ್ತು. "ಇದು ಯಾವ ಹೂ ಪುಟ್ಟಾ?" ಎಂದು ಕೇಳಿದರೆ ಮಗು "ಬೇಲಿ ಹೂ" ಎಂದಿತು. ಹಿಂದಿನ ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು, "ಅಯ್ಯೋ, ಅದು ಗೌರಿ ಹೂ ಮಗಾ. ಹೂ ಕೊಯ್ಯಿ, ಆಮೇಲೆ ಕೈ ತೊಳಕೊ. ಗೆಡ್ಡೆ ಮಾತ್ರ ಮುಟ್ಟಬೇಡ, ವಿಷ" ಎಂದರು.

ಅಜ್ಜಿ ಹೇಳಿದ್ದು ನಿಜ. ಗೌರಿ ಹೂವಿನ ಗಿಡವೆಲ್ಲವೂ ವಿಷ. ಗೆಡ್ಡೆಯಂತೂ ಜೀವಕ್ಕೇ ಅಪಾಯ. ಆ ಅಜ್ಜಿಯ ಒಂದು ಮಾತಿನಲ್ಲಿ ಗಿಡದ ಹೆಸರೂ ಇತ್ತು, ಎಚ್ಚರಿಕೆಯೂ ಇತ್ತು. ಮಗುವಿನ ಬಳಿ ಎರಡೂ ಇರಲಿಲ್ಲ. ಇದು ಮಗುವಿನ ತಪ್ಪಲ್ಲ, ಹೇಳಿಕೊಡದ ನಮ್ಮ ತಪ್ಪು.

ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ಧರ್ಮಕೇಂದ್ರಗಳ ಅಂಗಳದಲ್ಲಿ, ಶಾಲೆಯ ಆವರಣದಲ್ಲಿ, ಸಮಾಧಿಭೂಮಿಯ ಅಂಚಿನಲ್ಲಿ ಈ ನೆಲದ ಗಿಡಮರಗಳದೇ ಒಂದು ಚಿಕ್ಕ ತೋಟ ಏಕಿರಬಾರದು? ನೋಡಿ ಕಲಿಯುವ ತೋಟ, ಹೆಸರು ಬರೆದ ಫಲಕವಿರುವ ತೋಟ. ಅದು ಏಕೆ ಬೇಕು, ಹೇಗೆ ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ಒಟ್ಟಾಗಿ ಯೋಚಿಸೋಣ.

ನಾವು ನಿಂತಿರುವ ನೆಲ

ನಮ್ಮ ಈ ಮೂರು ತಾಲೂಕುಗಳು ಪಶ್ಚಿಮ ಘಟ್ಟದ ಮಡಿಲಲ್ಲಿವೆ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿಯ ಕಾಡಿನ ಒಂದು ಭಾಗವನ್ನು ಔಷಧೀಯ ಸಸ್ಯಗಳ ಸಂರಕ್ಷಣಾ ಪ್ರದೇಶವೆಂದು ಅರಣ್ಯ ಇಲಾಖೆ ಕಾಪಾಡುತ್ತಿದೆ. ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡವನ್ನು, ಅದರ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳಿಗಾಗಿ, 2011ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸರ್ಕಾರ ಘೋಷಿಸಿತು.

ಸಾಗರ, ಸೊರಬದ ಕಡೆ 'ಕಾನು' ಎಂಬ ಮಾತಿದೆ. ಕಾನು ಎಂದರೆ ಊರವರು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ದಟ್ಟ ಹಸಿರುಕಾಡು. ಅದರಲ್ಲಿ ಕಾಡುಮೆಣಸು ಹಬ್ಬುತ್ತದೆ, ಬೈನೆ ಬೆಳೆಯುತ್ತದೆ, ಹಳ್ಳ ಹುಟ್ಟುತ್ತದೆ. ಕೆಲವು ಕಾನುಗಳಲ್ಲಿ ಊರದೇವರ ಬನವೂ ಇದೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ನಮ್ಮ ನೆರೆಯ ಸೊರಬ ತಾಲೂಕು ಒಂದರಲ್ಲೇ 171 ಕಾನುಗಳನ್ನು ಲೆಕ್ಕ ಹಾಕಿದ್ದರು. ಅಡಿಕೆ ತೋಟಗಳಿಗೆ ಸೊಪ್ಪು, ದರಗು ಒದಗಿಸುವ ಸೊಪ್ಪಿನಬೆಟ್ಟಗಳೂ ನಮ್ಮ ಸೀಮೆಯ ವಿಶೇಷವೇ.

ಇಂದು ಆ ಕಾನುಗಳಲ್ಲಿ ಎಷ್ಟೋ ಕರಗಿಹೋಗಿವೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳ ಜೊತೆಗೆ ಕಾಡೂ ಮುಳುಗಿತು. ಆ ನಂತರ ಗುಡ್ಡ ಬೇಣಗಳಲ್ಲಿ ಅಕೇಶಿಯಾ ನೆಡುತೋಪುಗಳು ಎದ್ದವು. ಭದ್ರಾವತಿಯ ಕಾಗದ ಕಾರ್ಖಾನೆಗೆಂದು ನೀಡಿದ್ದ ಅರಣ್ಯಭೂಮಿಯ ಗುತ್ತಿಗೆಯನ್ನು 2020ರಲ್ಲಿ ಮತ್ತೆ ವಿಸ್ತರಿಸಿದಾಗ, ನಮ್ಮೂರಿಗೆ ಅಕೇಶಿಯಾ ಬೇಡ ಎಂದು ಮಲೆನಾಡಿನ ಜನ ದನಿ ಎತ್ತಿದ್ದನ್ನು ನಾವೆಲ್ಲರೂ ಕೇಳಿದ್ದೇವೆ. ದೊಡ್ಡ ಕಾಡಿನ ಪ್ರಶ್ನೆ ದೊಡ್ಡದು, ಅದನ್ನು ನಾವೊಬ್ಬರೇ ಬಗೆಹರಿಸಲಾರೆವು. ಆದರೆ ನಮ್ಮದೇ ಕಾಂಪೌಂಡಿನ ಒಳಗಿನ ಐದು ಗುಂಟೆ ಜಾಗದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವೇ ಅಲ್ಲವೇ?

ಆ ಐದು ಗುಂಟೆಯಲ್ಲಿ ಈಗ ಏನಿದೆ? ಇಂಟರ್‌ಲಾಕ್ ಕಲ್ಲು, ಕುಂಡದಲ್ಲಿ ಕ್ರೋಟನ್, ಕತ್ತರಿಸಿದ ಹುಲ್ಲುಹಾಸು, ಗೋಡೆಯುದ್ದಕ್ಕೂ ನೆಟ್ಟಗೆ ಬೆಳೆದ 'ಅಶೋಕ'. ಆ ಉದ್ದನೆಯ ಮರ ನಿಜವಾದ ಅಶೋಕವಲ್ಲ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕೊಂಬೆಯ ಮೇಲೆ ಗೊಂಚಲು ಗೊಂಚಲಾಗಿ ಕಿತ್ತಳೆ ಕೆಂಪು ಹೂ ಬಿಡುವ ನಿಜವಾದ ಅಶೋಕ ನಮ್ಮ ಘಟ್ಟದ ಮರ. ಅದು ನಮ್ಮ ಅಂಗಳಗಳಲ್ಲಿ ಕಾಣಸಿಗುವುದೇ ಅಪರೂಪ.

ಹೊರಗಿನ ಗಿಡಗಳೆಲ್ಲ ಶತ್ರುಗಳೇ?

ಈ ಪ್ರಶ್ನೆಯನ್ನು ಯುವಜನರೇ ನಮಗೆ ಕೇಳಿದರು. ಒಳ್ಳೆಯ ಪ್ರಶ್ನೆ. ಗೇರು, ಪೇರಲೆ, ಪಪ್ಪಾಯ, ಅನಾನಸ್, ಮೆಣಸಿನಕಾಯಿ ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಅವನ್ನು ಬಿಟ್ಟು ನಮ್ಮ ಅಡುಗೆಮನೆ ನಡೆಯದು. ನಾವಾದರೂ ಯಾರು? ನಮ್ಮಲ್ಲಿ ಅನೇಕರ ಅಜ್ಜ ಮುತ್ತಜ್ಜಂದಿರು ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ, ಅಣೆಕಟ್ಟಿನ ಕೆಲಸಕ್ಕೆ ಬಂದು ಇಲ್ಲಿ ನೆಲೆ ನಿಂತವರು. ಈ ನೆಲ ನಮ್ಮನ್ನು ಹೊರಗಿನವರೆಂದು ದೂಡಲಿಲ್ಲ. ಹಾಗಿರುವಾಗ ಹೊರಗಿನಿಂದ ಬಂದದ್ದೆಂಬ ಒಂದೇ ಕಾರಣಕ್ಕೆ ಒಂದು ಗಿಡವನ್ನು ದ್ವೇಷಿಸುವುದು ನಮಗೆ ಶೋಭಿಸದು.

ನಾವು ನೋಡಬೇಕಾದದ್ದು ಬೇರೆ. ಬಂದ ಗಿಡ ನೆರೆಯವರ ಜೊತೆ ಹೇಗೆ ಬಾಳುತ್ತದೆ? ಗೇರು ತನ್ನ ಪಾಡಿಗೆ ತಾನು ಬೆಳೆದು ಹಣ್ಣು ಕೊಡುತ್ತದೆ. ಆದರೆ ಲಂಟಾನ ಬೇಲಿಯಿಂದ ಹಾರಿ ಗುಡ್ಡವನ್ನೇ ಮುಚ್ಚುತ್ತದೆ. ಅಕೇಶಿಯಾದ ಒಣಎಲೆ ಬೇಗ ಕೊಳೆಯದೆ ದಪ್ಪನಾಗಿ ಹಾಸಿಕೊಳ್ಳುತ್ತದೆ, ಅದರಡಿ ದನ ಮೇಯುವ ಹುಲ್ಲು ಏಳುವುದು ಕಷ್ಟ. ಇನ್ನೊಂದು ಕಡೆ ನಮ್ಮ ಅತ್ತಿಮರವನ್ನು ನೋಡಿ. ಅದರ ಕಾಯಿಯೊಳಗೆ ಒಂದು ಪುಟ್ಟ ಕಣಜ ಹೊಕ್ಕರೆ ಮಾತ್ರ ಪರಾಗಸ್ಪರ್ಶ. ಕಾಡಿನಲ್ಲಿ ಬೇರೆ ಹಣ್ಣಿಲ್ಲದ ದಿನಗಳಲ್ಲೂ ಅತ್ತಿಯ ಜಾತಿಯ ಒಂದಲ್ಲ ಒಂದು ಮರ ಹಣ್ಣು ಬಿಟ್ಟಿರುತ್ತದೆ, ಮಂಗಟ್ಟೆ ಹಕ್ಕಿಯಿಂದ ಬಾವಲಿಯವರೆಗೆ ಎಲ್ಲರನ್ನೂ ಸಾಕುತ್ತದೆ. ಸಾವಿರಾರು ವರ್ಷ ಒಟ್ಟಿಗೆ ಬಾಳಿದ ಮರಕ್ಕೂ ಹುಳಕ್ಕೂ ಹಕ್ಕಿಗೂ ಇರುವ ಈ ನೆಂಟಸ್ತಿಕೆ ನಿನ್ನೆ ಮೊನ್ನೆ ತಂದು ನೆಟ್ಟ ಮರಕ್ಕೆ ಬರಲು ಸಾಧ್ಯವಿಲ್ಲ. ಆದುದರಿಂದ ಇದ್ದ ಗೇರುಮರವನ್ನು ಕಡಿಯುವುದು ಬೇಡ, ಹೊಸದಾಗಿ ನೆಡುವಾಗ ಈ ನೆಲದ ಗಿಡವನ್ನು ನೆಡೋಣ.

ಹೆಸರಿನ ಬೆಲೆ

ಪವಿತ್ರ ಬೈಬಲಿನ ಆದಿಕಾಂಡದ ಎರಡನೆಯ ಅಧ್ಯಾಯವನ್ನು ಗಮನವಿಟ್ಟು ಓದಿದರೆ ಒಂದು ಸಂಗತಿ ತಿಳಿಯುತ್ತದೆ. ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಸಾಗುವಳಿ ಮಾಡಿ ಕಾಯಲೆಂದು. ಅದರ ಬೆನ್ನಿಗೇ ಜೀವಿಗಳನ್ನು ಅವನ ಮುಂದೆ ತಂದು ನಿಲ್ಲಿಸಿ ಹೆಸರಿಡುವ ಕೆಲಸವನ್ನೂ ಒಪ್ಪಿಸಿದರು. ಕಾಯುವ ಕೆಲಸವೂ ಹೆಸರಿನ ಕೆಲಸವೂ ಅಕ್ಕಪಕ್ಕದಲ್ಲಿವೆ. ಪ್ರಭು ಯೇಸು ಹೊಲದ ಹೂವುಗಳನ್ನು ನೋಡಿರೆಂದು ಜನರಿಗೆ ಬೋಧಿಸಿದಾಗ, ಕೇಳುತ್ತಿದ್ದವರಿಗೆ ಆ ಹೂವುಗಳ ಪರಿಚಯ ಇದ್ದೇ ಇತ್ತು. ನಮ್ಮ ಮಕ್ಕಳಿಗೆ ಆ ಮಾತನ್ನು ಬೋಧಿಸುವಾಗ ನಾವು ಯಾವ ಹೂವನ್ನು ತೋರಿಸುತ್ತೇವೆ?

ನಮ್ಮ ಧರ್ಮಸಭೆಯಲ್ಲಿಯೂ ಗಿಡಗಳ ಹೆಸರನ್ನು ಶ್ರದ್ಧೆಯಿಂದ ಬರೆದಿಟ್ಟ ಗುರುಗಳಿದ್ದಾರೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ 'ಹೋರ್ತುಸ್ ಮಲಬಾರಿಕುಸ್' ಎಂಬ ಮಹಾಗ್ರಂಥ ಪಶ್ಚಿಮ ಕರಾವಳಿಯ ಸಸ್ಯಗಳ ಕುರಿತಾದದ್ದು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಅದನ್ನು ಮಾಡಿಸಿದಾಗ, ಅದರ ಆರಂಭದ ಕೆಲಸದಲ್ಲಿ ನೆರವಾದವರು ಕಾರ್ಮೆಲ್ ಸಭೆಯ ಇಟಲಿಯ ಗುರು ಮತ್ತೇಯುರವರು. ಗಿಡಗಳ ಗುಣ ತಿಳಿಸಿದವರು ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯರು ಹಾಗೂ ರಂಗಭಟ್, ವಿನಾಯಕ ಪಂಡಿತ್, ಅಪ್ಪುಭಟ್ ಎಂಬ ಮೂವರು ಕೊಂಕಣಿ ಪಂಡಿತರು. ಆ ಗ್ರಂಥದಲ್ಲಿ ಗಿಡಗಳ ಕೊಂಕಣಿ ಹೆಸರುಗಳೂ ಇವೆ. ನಮ್ಮಲ್ಲಿ ಅನೇಕರ ಮನೆಮಾತಿನಲ್ಲಿ ಗಿಡಗಳ ಹೆಸರು ಮುನ್ನೂರು ವರ್ಷಗಳ ಹಿಂದೆಯೇ ಅಚ್ಚಾಗಿತ್ತು ಎಂದರೆ ಹೆಮ್ಮೆಯಲ್ಲವೇ?

ನಮ್ಮ ಕಾಲಕ್ಕೆ ಬಂದರೆ, ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿದ್ದ ಯೇಸುಸಭೆಯ ಗುರು ಸೆಸಿಲ್ ಸಲ್ಡಾನ್ಹಾರವರು ಹಾಸನ ಜಿಲ್ಲೆಯ ಕಾಡುಗಳಲ್ಲಿ ವರ್ಷಗಟ್ಟಲೆ ನಡೆದಾಡಿ, ಅಲ್ಲಿಯ ಸಸ್ಯಗಳ ಕುರಿತ ದೊಡ್ಡ ಗ್ರಂಥವನ್ನು ನಿಕೋಲ್ಸನ್ ಎಂಬ ವಿದ್ವಾಂಸರೊಡನೆ 1976ರಲ್ಲಿ ಹೊರತಂದರು. ಕರ್ನಾಟಕದ ಸಸ್ಯಗಳ ಬಗ್ಗೆಯೂ 1984ರಲ್ಲಿ ಮತ್ತು 1996ರಲ್ಲಿ ಅವರ ಸಂಪುಟಗಳು ಬಂದವು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು 'ಲೌದಾತೋ ಸಿ' ವಿಶ್ವಪತ್ರದ ಮೂಲಕ ಭೂಮಿಯನ್ನು ನಮ್ಮೆಲ್ಲರ ಸಮಾನ ಮನೆಯೆಂದು ನೆನಪಿಸಿದರು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ಸಂತ ಫ್ರಾನ್ಸಿಸ್ ಅಸ್ಸಿಸಿಯವರ ಹಬ್ಬದವರೆಗೆ ಸೃಷ್ಟಿಯ ಕಾಲವನ್ನು ಆಚರಿಸುತ್ತೇವೆ. ನಮ್ಮ ನವೇನವೂ ತೆನೆಹಬ್ಬವೂ ಹೆಚ್ಚುಕಡಿಮೆ ಇದೇ ದಿನಗಳಲ್ಲಿ ಬರುತ್ತವೆ. ತೋಟದ ಕೆಲಸವನ್ನು ಇದಕ್ಕೆ ಜೋಡಿಸಿದರೆ ಹೊಸ ಆಚರಣೆಯೊಂದನ್ನು ಹುಟ್ಟುಹಾಕುವ ಅಗತ್ಯವೇ ಇಲ್ಲ.

ತೋಟದಲ್ಲಿ ಏನೇನು ಇರಲಿ?

ಐದು ಗುಂಟೆ ಜಾಗದಲ್ಲಿ ಆರೇಳು ದೊಡ್ಡ ಮರ ಸಾಕು, ಉಳಿದದ್ದು ಪೊದೆ, ಬಳ್ಳಿ, ನೆಲಗಿಡಗಳಿಗೆ. ನಾಲ್ಕು ಭಾಗ ಮಾಡಿಕೊಂಡರೆ ಮಕ್ಕಳಿಗೆ ನೆನಪಿಡಲು ಸುಲಭ.

ಮೊದಲನೆಯದು, ಹೂವಿನ ಸಾಲು. ಸುರಗಿಯನ್ನು ಮರೆಯಬಾರದು. ಫೆಬ್ರವರಿಯಿಂದ ಏಪ್ರಿಲ್ ಸುಮಾರಿಗೆ ಕೊಂಬೆಗಳಿಗೇ ಅಂಟಿಕೊಂಡು ಅರಳುವ ಈ ಹೂವಿನ ಪರಿಮಳ ಒಣಗಿದ ಮೇಲೂ ಉಳಿಯುತ್ತದೆ. ಕೊಂಕಣಿಯಲ್ಲಿ ಸುರಂಗಿ. ಅದರ ಜೊತೆಗೆ ರಂಜ ಅಥವಾ ಬಕುಳ, ಕೊಂಕಣಿಯಲ್ಲಿ ಓಂವಳ. ಸಂಪಿಗೆ, ನಾಗಸಂಪಿಗೆ, ನಿಜವಾದ ಅಶೋಕ. ಮಕ್ಕಳ ಕೈಗೆ ಎಟಕುವಂತೆ ಕೇಪಳ, ನೆಕ್ಕರಿಕೆ, ಕರ್ಣಕುಂಡಲ. ಮಳೆಗಾಲದಲ್ಲಿ ಕಾಡು ಅರಿಶಿನದ ಹೂ ನೆಲದಿಂದಲೇ ಏಳುವುದನ್ನು ನೋಡುವುದೇ ಒಂದು ಸೊಗಸು. ನವೇನದ ಬುಟ್ಟಿಗೆ ಬೇಕಾದ ಹೂವಿನಲ್ಲಿ ಒಂದು ಪಾಲಾದರೂ ಈ ಸಾಲಿನಿಂದ ಬರುವಂತಾಗಲಿ. ಗೌರಿ ಹೂವನ್ನೂ ಬೆಳೆಸಬಹುದು, ಆದರೆ ಬೇಲಿಯಾಚೆ, ವಿಷವೆಂಬ ಫಲಕದೊಂದಿಗೆ.

ಎರಡನೆಯದು, ಹುಳಿಯ ಮೂಲೆ. ಮಲೆನಾಡಿನಲ್ಲಿ ಹುಣಸೆಗಿಂತ ಹೆಚ್ಚಾಗಿ ಕಾಡಿನ ಹುಳಿಗಳೇ ಅಡುಗೆಗೆ ಒದಗಿದವು. ಮುರುಗಲು, ಉಪ್ಪಾಗೆ, ವಾಟೆಹುಳಿ. ಮೀನಿನ ಸಾರಿಗೆ ಇವುಗಳ ಒಣಸಿಪ್ಪೆಯ ಹುಳಿ ಹಾಕಿದ ರುಚಿ ಬಲ್ಲವರೇ ಬಲ್ಲರು. ತೂಕ ಇಳಿಸುವ ಮದ್ದಿಗೆಂದು ಉಪ್ಪಾಗೆಗೆ ಹೊರದೇಶದ ಬೇಡಿಕೆ ಏರಿದ ದಿನಗಳಲ್ಲಿ ಎಳೆಗಾಯಿಯನ್ನೇ ಕೊಯ್ದು, ಕೊಂಬೆಯನ್ನೇ ಕಡಿದು, ಮರಗಳು ನಲುಗಿದವು. ಅಪ್ಪೆಮಿಡಿಯ ಕಥೆಯೂ ಅಂತಹದೇ. ಹೊಳೆಯಂಚಿನ ಈ ಮಾವಿನ ಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಮಿಡಿ ಎಂದು ಒಂದೊಂದಕ್ಕೆ ಒಂದೊಂದು ಹೆಸರು, ಒಂದೊಂದು ಪರಿಮಳ. ಗೊರಟು ಹಾಕಿದರೆ ತಾಯಿಮರದ ಗುಣ ಬರುವ ಭರವಸೆ ಇಲ್ಲ. ಹಳೆಯ ಮರ ಬಿದ್ದರೆ ಆ ತಳಿಯೇ ಹೋಯಿತು. ಆದುದರಿಂದ ಕಸಿ ಗಿಡವನ್ನೇ ನೆಡಬೇಕು. ಕಸಿ ಕಟ್ಟುವ ರೈತರು ನಮ್ಮ ಸುತ್ತಮುತ್ತಲೇ ಇದ್ದಾರೆ.

ಮೂರನೆಯದು, ಮದ್ದಿನ ಪಾತಿ. ಒಂದೆಲಗ, ನೆಲನೆಲ್ಲಿ, ಆಡುಸೋಗೆ, ಲಕ್ಕಿ, ಅಮೃತಬಳ್ಳಿ, ತಂಬುಳಿಗೆ ಎಲುರಿಗೆ. ಒಂದು ಎಚ್ಚರಿಕೆ: ಈ ಪಾತಿ ಗುರುತು ಕಲಿಯಲು, ತಂಬುಳಿ ಮಾಡಲು. ಕಾಯಿಲೆಗೆ ವೈದ್ಯರಲ್ಲಿಗೇ ಹೋಗಬೇಕು.

ನಾಲ್ಕನೆಯದು, ದೊಡ್ಡವರ ಸಾಲು. ಹೆಬ್ಬಲಸು, ನೇರಳೆ, ಅಂಟುವಾಳ, ರಾಮಪತ್ರೆ, ಧೂಪದ ಮರ. ಹೆಬ್ಬಲಸೂ ಧೂಪವೂ ನಮ್ಮ ಪಶ್ಚಿಮ ಘಟ್ಟವನ್ನು ಬಿಟ್ಟು ಬೇರೆಲ್ಲೂ ಸ್ವಾಭಾವಿಕವಾಗಿ ಬೆಳೆಯುವುದಿಲ್ಲ. ಬಲಿಪೂಜೆಯಲ್ಲಿ ಧೂಪದ ಹೊಗೆಯನ್ನು ಕಂಡ ನಮ್ಮ ಮಕ್ಕಳಲ್ಲಿ ಧೂಪದ ಮರವನ್ನು ಕಂಡವರೆಷ್ಟು?

ನಾವು ಸೋತು ಕಲಿತದ್ದು

ಹೇಗೆ ಮಾಡಬೇಕೆಂದು ಹೇಳುವ ಮೊದಲು ಹೇಗೆ ಮಾಡಬಾರದೆಂದು ಹೇಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ವನಮಹೋತ್ಸವದ ಉತ್ಸಾಹದಲ್ಲಿ ನಾವೇ ಒಂದು ಆವರಣದಲ್ಲಿ ಅರವತ್ತು ಸಸಿ ನೆಟ್ಟೆವು. ಭಾಷಣವಾಯಿತು, ಫೋಟೋ ಆಯಿತು, ತಿಂಡಿಯೂ ಆಯಿತು. ಮಳೆಗಾಲ ಮುಗಿಯುವವರೆಗೆ ಎಲ್ಲವೂ ಹಸಿರಾಗಿದ್ದವು. ಮಾರ್ಚ್ ತಿಂಗಳಿಗೆ ನೋಡಿದರೆ ಉಳಿದದ್ದು ನಾಲ್ಕೇ ನಾಲ್ಕು. ಆ ನಾಲ್ಕೂ ನಲ್ಲಿಯ ಪಕ್ಕದಲ್ಲಿದ್ದವು, ಮಕ್ಕಳು ಊಟದ ಡಬ್ಬಿ ತೊಳೆದ ನೀರು ಅವುಗಳ ಬುಡಕ್ಕೆ ಹರಿಯುತ್ತಿತ್ತು. ನಮ್ಮ ಭಾಷಣದಿಂದ ಒಂದು ಗಿಡವೂ ಬದುಕಲಿಲ್ಲ, ಮಕ್ಕಳ ಡಬ್ಬಿಯ ನೀರಿನಿಂದ ನಾಲ್ಕು ಬದುಕಿದವು.

ಅಂದಿನಿಂದ ನಾವು ಇಟ್ಟುಕೊಂಡ ನಿಯಮ: ಎಷ್ಟು ಗಿಡಕ್ಕೆ ಎರಡು ಬೇಸಿಗೆ ನೀರು ಕೊಡಬಲ್ಲೆವೋ ಅಷ್ಟೇ ನೆಡಬೇಕು. ವಾರ್ಡಿಗೆ ಒಂದು ಮರ, ಅದಕ್ಕೆ ಗುರಿಕಾರರ ಮನೆಯವರು ಮತ್ತು ಇಬ್ಬರು ಮಕ್ಕಳು ಹೊಣೆ. ಜನವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೆ ಒಂದೆರಡು ಕೊಡ ನೀರು. ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋಗುವ ಮೊದಲು ಐದು ನಿಮಿಷದ ಕೆಲಸ.

ಮಾಡುವ ಬಗೆ

ಮೊದಲ ವರ್ಷ ಏನನ್ನೂ ಕೀಳದೆ ನೋಡಬೇಕು. ಆವರಣದ ಮೂಲೆಯಲ್ಲಿ ತಾನಾಗಿ ಎದ್ದ ನೇರಳೆ, ಕೇಪಳ, ಒಂದೆಲಗ ಇದ್ದೇ ಇರುತ್ತವೆ. ಕಳೆಯೆಂದು ಸವರಿ ಹಾಕುವುದರಲ್ಲೇ ಅರ್ಧ ತೋಟ ಹೋಗುತ್ತದೆ. ಇದ್ದದ್ದಕ್ಕೆ ಮೊದಲು ಕಡ್ಡಿ ಊರಿ ಗುರುತು ಹಾಕಿ.

ಸಸಿಗಳನ್ನು ಅರಣ್ಯ ಇಲಾಖೆಯ ನರ್ಸರಿಯಿಂದ ಪಡೆಯಬಹುದು. ಸಾಗರ ತಾಲೂಕಿನ ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರ ಸಲಹೆಯನ್ನೂ ಕೇಳಬಹುದು. ಮೀಸಲು ಅರಣ್ಯದಿಂದ ಗಿಡ ಕಿತ್ತು ತರಬಾರದು. ಅದು ಕಾನೂನಿಗೂ ವಿರುದ್ಧ, ಕಾಡಿಗೂ ನಷ್ಟ. ನಮ್ಮವರ ತೋಟ, ಹಕ್ಕಲುಗಳಲ್ಲಿ ಬಿದ್ದ ಬೀಜವೇ ಸಾಕಷ್ಟಿದೆ.

ಬೀಜದ ವಿಷಯದಲ್ಲಿ ಒಂದು ಗುಟ್ಟಿದೆ. ರಾಗಿ, ಭತ್ತದ ಬೀಜವನ್ನು ಒಣಗಿಸಿ ಇಡುತ್ತೇವೆ. ಮಳೆಕಾಡಿನ ಎಷ್ಟೋ ಮರಗಳ ಬೀಜ ಹಾಗಲ್ಲ. ಧೂಪ, ರಾಮಪತ್ರೆ, ಹಲಸು, ನೇರಳೆ ಬೀಜಗಳು ಒಣಗಿದರೆ ಸತ್ತಂತೆ. ಬಿದ್ದ ಕೆಲವೇ ದಿನಗಳಲ್ಲಿ, ಹಸಿಯಾಗಿರುವಾಗಲೇ ಮಣ್ಣಿಗೆ ಹಾಕಬೇಕು. ಉಪ್ಪಾಗೆ ಬೀಜಕ್ಕೆ ಮಾತ್ರ ತಾಳ್ಮೆ ಬೇಕು, ಮೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಉಪ್ಪಾಗೆ, ಮುರುಗಲು, ರಾಮಪತ್ರೆಗಳಲ್ಲಿ ಗಂಡುಮರ ಹೆಣ್ಣುಮರ ಬೇರೆ ಬೇರೆ. ಒಂದೇ ಬೀಜಸಸಿ ನೆಟ್ಟು ಹತ್ತು ವರ್ಷ ಕಾದು, ಅದು ಗಂಡೆಂದು ತಿಳಿದು ನಿರಾಶರಾಗುವುದಕ್ಕಿಂತ, ಹೆಣ್ಣುಮರದ ಕಸಿಗಿಡ ಒಂದನ್ನು ಜೊತೆಗೆ ನೆಡುವುದು ಮೇಲು.

ಮಂಗನ ಕಾಯಿಲೆಯನ್ನು ಮರೆಯುವಂತಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ 2018ರ ಕೊನೆಯಲ್ಲಿ, 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಲಗೋಡು ಸುತ್ತ ಎಷ್ಟು ಮನೆಗಳಲ್ಲಿ ಕಣ್ಣೀರು ತರಿಸಿತೆಂದು ನಮಗೆ ಗೊತ್ತು. ಉಣುಗುಗಳಿಂದ ಹರಡುವ ಈ ಜ್ವರದ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಆ ದಿನಗಳಲ್ಲಿ ಬೀಜ ಆರಿಸಲೆಂದು ಮಕ್ಕಳನ್ನು ಕಾಡಿಗೆ ಕಳಿಸಲೇಬಾರದು. ದೊಡ್ಡವರು ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿ, ಮೈಮುಚ್ಚುವ ಬಟ್ಟೆ ತೊಟ್ಟು, ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಕಾಡಿಗೆ ಹೋಗದೆಯೇ ಕಾಡಿನ ಗಿಡಗಳನ್ನು ಮಕ್ಕಳು ಅರಿಯಲು ಅಂಗಳದ ತೋಟವೇ ದಾರಿ.

ನೆಡುವುದು ಜೂನ್ ತಿಂಗಳಲ್ಲಿ, ಮಳೆ ಹಿಡಿದ ಮೇಲೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಎರಡಡಿ ಗುಂಡಿ ತೋಡಿ, ಮೇಲ್ಮಣ್ಣು ಗೊಬ್ಬರ ತುಂಬಿ, ಬುಡ ಸ್ವಲ್ಪ ಎತ್ತರಿಸಿ. ಇಲ್ಲದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ. ಬಿಸಿಲು ತಡೆಯುವ ನೇರಳೆ, ಮುರುಗಲು, ಹೆಬ್ಬಲಸುಗಳನ್ನು ಮೊದಲು ನೆಡಿ. ನೆರಳು ಬೇಡುವ ಧೂಪ, ರಾಮಪತ್ರೆಗಳಿಗೆ ಮೂರು ನಾಲ್ಕು ವರ್ಷ ಬಿಟ್ಟು ಆ ಮರಗಳ ನೆರಳಿನಲ್ಲಿ ಜಾಗ ಕೊಡಿ. ಅತ್ತಿಯನ್ನು ಬಾವಿ, ಗೋಡೆಗಳಿಂದ ದೂರವಿಡಿ. ಬೇಸಿಗೆಗೆ ಬುಡದ ಸುತ್ತ ದರಗು ಹಾಸಿ, ಕಾಂಡಕ್ಕೆ ತಾಗದಂತೆ ಅಂಗೈಯಗಲ ಬಿಡಿ, ಗೆದ್ದಲು ಏರುವುದಿಲ್ಲ. ದನ ಬಾರದಂತೆ ಬೇಲಿ ಇರಲಿ. ಮರದ ಸುತ್ತ ಸಿಮೆಂಟ್ ಕಟ್ಟೆ ಮಾತ್ರ ಬೇಡ.

ಕೊನೆಗೆ ಫಲಕ. ಕನ್ನಡ ಹೆಸರು, ಕೊಂಕಣಿ ಹೆಸರು, ನೆರೆಹೊರೆಯವರು ಕರೆಯುವ ಹೆಸರು, ವೈಜ್ಞಾನಿಕ ಹೆಸರು. ಯಾವ ತಿಂಗಳಲ್ಲಿ ಹೂವು, ಯಾವ ಹಕ್ಕಿಗೆ ಆಹಾರ, ನಮಗೆ ಏನು ಉಪಯೋಗ. ವೈಜ್ಞಾನಿಕ ಹೆಸರು ಏಕೆಂದರೆ ಒಂದೇ ಹೆಸರಿಗೆ ಎರಡು ಗಿಡಗಳಿರುತ್ತವೆ. ಒಬ್ಬರ ಮನೆಯ ಬ್ರಾಹ್ಮಿ ಇನ್ನೊಬ್ಬರ ಮನೆಯ ಒಂದೆಲಗ. ತೋಟದ ಪಟ್ಟಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೊಡಬಹುದು. 2002ರ ಕಾಯಿದೆಯಂತೆ ಪ್ರತಿ ಪಂಚಾಯತಿಯಲ್ಲೂ ಅಂತಹ ಸಮಿತಿ ಇರಬೇಕು. ತೋಟದ ಬಾಗಿಲು ಎಲ್ಲರಿಗೂ ತೆರೆದಿರಲಿ. ದೇವರಬನಗಳನ್ನು ಕಾಯ್ದುಕೊಂಡು ಬಂದ ನೆರೆಯ ಹಿಂದೂ ಸಹೋದರರಿಂದ ನಾವು ಕಲಿಯುವುದು ಬಹಳಷ್ಟಿದೆ.

ನಾಲ್ಕು ಪುಟದ ನೋಟ್‌ಬುಕ್

ಸಮಾಧಿಭೂಮಿಯ ಬಗ್ಗೆ ಒಂದು ಮಾತು. ನವೆಂಬರ್ 2ರ ಮೃತರ ಸ್ಮರಣೆಗೆ ಮೊದಲು ನಾವೆಲ್ಲ ಸಮಾಧಿಗಳನ್ನು ಶುಚಿ ಮಾಡುತ್ತೇವೆ. ಸಮಾಧಿಗಳ ಮೇಲೆ, ನಡುವೆ ಶುಚಿ ಮಾಡೋಣ. ಗೋಡೆಯ ಅಂಚಿನ ಹತ್ತಡಿ ಜಾಗವನ್ನು ಮಾತ್ರ ಸವರದೆ ಬಿಡೋಣ. ಅಲ್ಲಿ ಸುರಗಿಯೋ ರಂಜವೋ ಒಂದು ನೆಟ್ಟರೆ, ನಮ್ಮ ಮೃತರ ಮೇಲೆ ಹೂವು ತಾನಾಗಿಯೇ ಉದುರುತ್ತದೆ.

ಇದನ್ನು ಹೇಳಲು ಕಾರಣವಿದೆ. ಗೌರಿ ಹೂವಿನ ಹೆಸರು ಹೇಳಿದ ಆ ಅಜ್ಜಿಯನ್ನು ನವೇನ ಮುಗಿದ ಮೇಲೆ ನಾವು ಮಕ್ಕಳೊಂದಿಗೆ ಕಾಣಲು ಹೋದೆವು. ಮೆಟ್ಟಿಲ ಮೇಲೆ ಕುಳಿತು ಅವರು ಬಾಲ್ಯದಲ್ಲಿ ಕೊಯ್ದ ಹೂಗಳು, ತಿಂದ ಹಣ್ಣುಗಳು, ಅರೆದ ಸೊಪ್ಪುಗಳ ಹೆಸರು ಹೇಳುತ್ತ ಹೋದರು. ಒಬ್ಬ ಹುಡುಗಿ ಬರೆದುಕೊಂಡಳು. ನೋಟ್‌ಬುಕ್ಕಿನ ನಾಲ್ಕು ಪುಟವಾಯಿತು. "ಮಳೆ ಬಿಡಲಿ, ತೋಟಕ್ಕೆ ಕರಕೊಂಡು ಹೋಗಿ ಒಂದೊಂದೂ ತೋರಿಸ್ತೇನೆ" ಎಂದರು. ಮಳೆ ಬಿಟ್ಟಾಗ ಅವರಿಗೆ ಏಳಲಾಗಲಿಲ್ಲ. ಕ್ರಿಸ್ಮಸ್‌ಗೆ ಮೊದಲೇ ಪ್ರಭುವಿನ ಬಳಿಗೆ ಹೋದರು.

ಆ ಪಟ್ಟಿಯ ಹೆಚ್ಚಿನ ಗಿಡಗಳನ್ನು ಬೇರೆ ಹಿರಿಯರು ಗುರುತಿಸಿ ಕೊಟ್ಟಿದ್ದಾರೆ. ಎರಡು ಹೆಸರುಗಳಿಗೆ ಮಾತ್ರ ಇಂದಿಗೂ ಗಿಡ ಸಿಕ್ಕಿಲ್ಲ. ಆ ಗಿಡಗಳು ನಮ್ಮ ಅಂಗಳದ ಬೇಲಿಯಲ್ಲೇ ಇರಬಹುದು, ದಿನವೂ ಅವುಗಳ ಪಕ್ಕದಲ್ಲೇ ನಾವು ನಡೆಯುತ್ತಿರಬಹುದು. ಹೇಳುವವರಿಲ್ಲ.

ಪ್ರಿಯರೇ, ನಿಮ್ಮ ಧರ್ಮಕೇಂದ್ರದಲ್ಲಿಯೂ ಇಂತಹ ಅಜ್ಜ ಅಜ್ಜಿಯರಿದ್ದಾರೆ. ಮುಂದಿನ ನವೇನದವರೆಗೆ ಕಾಯಬೇಡಿ. ಈ ಭಾನುವಾರವೇ ಒಂದು ಮಗುವಿನ ಕೈಗೆ ನೋಟ್‌ಬುಕ್ ಕೊಟ್ಟು ಅವರ ಬಳಿ ಕೂರಿಸಿ. ಮಳೆ ಹಿಡಿದೊಡನೆ ಒಂದು ಸುರಗಿ, ಒಂದು ಮುರುಗಲು, ಒಂದು ಕೇಪಳವನ್ನಾದರೂ ನೆಡಿ. ಕೆಲವು ವರ್ಷಗಳ ನಂತರ ನಮ್ಮ ಮಕ್ಕಳು ಬಾಲ ಮರಿಯಮ್ಮನವರ ಪಾದಕ್ಕೆ ತರುವ ಹೂವು ನಮ್ಮದೇ ಅಂಗಳದ್ದಾಗಿರಲಿ, ಅದರ ಹೆಸರೂ ಅವರ ನಾಲಗೆಯಲ್ಲಿರಲಿ. ತೋಟವನ್ನು ಕಾಯಲು ನಮಗೆ ಒಪ್ಪಿಸಿದ ದೇವರು ಈ ಚಿಕ್ಕ ಕೆಲಸವನ್ನು ಆಶೀರ್ವದಿಸಲಿ. ಮಾತೆ ಮರಿಯಳು ನಮಗಾಗಿ ಪ್ರಾರ್ಥಿಸಲಿ.